ವಿಮಾನದ ಶೋಧದೀಪವೂ ಅದರ ಜೋಪಾನವೂ



ರಾಯಚೂರು ಸೀಮೆ ಎರಡು ಹೊಳೆಗಳ ನಡುವಣ ನಾಡು. ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ. ದೇವದುರ್ಗದ ತಾಲ್ಲೂಕು ಕೃಷ್ಣೆಯ ದಡಕ್ಕೆ ಆತುಕೊಂಡಿದ್ದರೆ ಮಾನ್ವಿಯ ಸೀಮೆ ತುಂಗಭದ್ರೆಯ ದಡಕ್ಕೆ ಆತುಕೊಂಡಿದೆ. ಬೇಸಗೆಯಲ್ಲಿ ಬಂಡೆಗಳ ಸಂದಿನಲ್ಲಿ ತೆಳ್ಳಗೆ ಹರಿಯುವ ಈ ನದಿಗಳು ಮುನಿದರೆ ಹೇಗಿರುತ್ತವೆಂಬುದನ್ನು ಈ ಕಡೆಯ ಜನಕ್ಕೆ ಯಾರೂ ಹೇಳಿಕೊಡಬೇಕಾದುದಿಲ್ಲ. 2009ನೆಯ ಇಸವಿಯ ಸೆಪ್ಟೆಂಬರ್ ಕಡೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಸುರಿದ ಮಳೆಗೆ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ನೀರಿನಲ್ಲಿ ನಿಂತಿತು. ಉತ್ತರ ಕರ್ನಾಟಕದ ಎಷ್ಟೋ ಊರುಗಳ ಜನರು ಮಾಳಿಗೆಗಳನ್ನು ಹತ್ತಿ ಕುಳಿತರು. 2019ನೆಯ ಆಗಸ್ಟಿನಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಕೃಷ್ಣೆಯಲ್ಲಿ ಮುಳುಗಿತು.

ಇಂತಹ ವಿಪತ್ತಿನಲ್ಲಿ ಹಗಲು ಹೇಗೋ ಕಳೆಯುತ್ತದೆ. ದೋಣಿಯವರಿಗೆ ಸುಳಿ ಕಾಣುತ್ತದೆ, ಹೆಲಿಕಾಪ್ಟರಿನವರಿಗೆ ಮರದ ಮೇಲೆ ಕುಳಿತವನು ಕಾಣುತ್ತಾನೆ. ಸೂರ್ಯನು ಮುಳುಗಿದ ಮೇಲೆ ಊರಿನ ವಿದ್ಯುದ್ದೀಪಗಳೂ ಆರಿರುತ್ತವೆ. ನೀರಾವುದು, ನೆಲವಾವುದು, ತಂತಿಯಾವುದು ಎಂದು ತಿಳಿಯದು. ಆಗ ಮೇಲಿನಿಂದ ಬೆಳಕನ್ನು ಸುರಿಯಬಲ್ಲ ಒಂದು ದೀಪವಿದ್ದರೆ ಅದು ಪ್ರಾಣವನ್ನು ಉಳಿಸಬಲ್ಲುದು. ವಿಮಾನಕ್ಕೆ ಕಟ್ಟುವ ಆ ದೀಪಕ್ಕೆ ಸರ್ಚ್‌ಲೈಟು ಎಂದು ಹೆಸರು. ನಾವು ಅದನ್ನು ಶೋಧದೀಪವೆಂದು ಕರೆಯೋಣ. ಆ ದೀಪವು ಬೇಕಾದಾಗ ಹತ್ತುವಂತೆಯೂ, ಅದನ್ನು ಸಜ್ಜುಗೊಳಿಸುವವರಿಗೆ ಅಪಾಯವಾಗದಂತೆಯೂ ಜೋಪಾನ ಮಾಡುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ವಿಷಯ.

ಮೊದಲು ಇದರ ಪೂರ್ವಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಹಡಗುಗಳು ರಾತ್ರಿಯ ಹೊತ್ತು ನೀರಿನ ಮೇಲಕ್ಕೆ ಬಂದು ತಮ್ಮ ಬ್ಯಾಟರಿಗಳಿಗೆ ಶಕ್ತಿ ತುಂಬಿಕೊಳ್ಳುತ್ತಿದ್ದವು. ವಿಮಾನದ ರೇಡಾರು ದೂರದಿಂದ ಅವುಗಳ ಸುಳಿವನ್ನು ಹಿಡಿಯುತ್ತಿತ್ತಾದರೂ ತೀರ ಸಮೀಪಕ್ಕೆ ಹೋದಾಗ ಸುಳಿವು ತಪ್ಪುತ್ತಿತ್ತು. ಆ ಕಡೆಯ ಗಳಿಗೆಯ ಕತ್ತಲೆಯನ್ನು ನೀಗಲು ಬ್ರಿಟಿಷ್ ವಾಯುದಳದ ಹಂಫ್ರಿ ಡಿ ವರ್ಡ್ ಲೀ ಎಂಬ ಅಧಿಕಾರಿ 24 ಅಂಗುಲ ವ್ಯಾಸದ ಶೋಧದೀಪವೊಂದನ್ನು ವಿಮಾನಕ್ಕೆ ಅಳವಡಿಸಿದರು. 1942ನೆಯ ಜೂನ್ ತಿಂಗಳಲ್ಲಿ ಬಿಸ್ಕೇ ಕೊಲ್ಲಿಯಲ್ಲಿ ಅದು ಮೊದಲ ಬಾರಿಗೆ ಫಲ ಕೊಟ್ಟಿತು. ಯುದ್ಧಕ್ಕಾಗಿ ಹುಟ್ಟಿದ ಆ ಉಪಾಯವೇ ಈಗ ರಕ್ಷಣೆಯ ಕೆಲಸಕ್ಕೂ ಒದಗಿದೆ. 1940ರಲ್ಲಿ ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಇಂದಿನ ಹಿಂದೂಸ್ತಾನ್ ಏರೋನಾಟಿಕ್ಸ್ ಆಗಿದೆ. ಅಲ್ಲಿ ನಿರ್ಮಾಣವಾಗಿ 2021ರಲ್ಲಿ ನೌಕಾಪಡೆಯನ್ನೂ ಕರಾವಳಿ ರಕ್ಷಣಾ ಪಡೆಯನ್ನೂ ಸೇರಿದ ಧ್ರುವ ಹೆಲಿಕಾಪ್ಟರಿನ ಮೂರನೆಯ ಮಾದರಿಯಲ್ಲಿ ಇಂತಹ ಪ್ರಬಲವಾದ ಶೋಧದೀಪವಿದೆ.

ಈ ದೀಪದ ಬಲವೆಷ್ಟು? ಹೆಲಿಕಾಪ್ಟರುಗಳಲ್ಲಿ ಬಹಳವಾಗಿ ಬಳಕೆಯಾದ ಒಂದು ಬಗೆಯ ದೀಪವು 1600 ವಾಟುಗಳ ವಿದ್ಯುತ್ತನ್ನು ಉಂಡು ಮೂರು ಕೋಟಿ ಮೇಣದಬತ್ತಿಗಳ ಪ್ರಕಾಶವನ್ನು ಕೊಡುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಗಿಂತ ಬಹಳ ಹೆಚ್ಚಲ್ಲದ ವಿದ್ಯುತ್ತಿನಿಂದ ಇಷ್ಟು ಬೆಳಕು ಹೇಗೆ ಬಂದಿತೆಂದು ಕೇಳಬಹುದು. ಕಾರಣವೇನೆಂದರೆ, ಇಲ್ಲಿ ಬೆಳಕು ಹುಟ್ಟುವ ಸ್ಥಳವು ಕೆಲವೇ ಮಿಲಿಮೀಟರುಗಳಷ್ಟು ಕಿರಿದು. ಹಿಂದಿರುವ ನಿಮ್ನ ದರ್ಪಣವು ಆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲಗೊಡದೆ ಒಂದೇ ದಿಕ್ಕಿಗೆ ಕೂಡಿಸಿ ಕಳುಹಿಸುತ್ತದೆ. ಕಿರಣವು 4 ಡಿಗ್ರಿಗಳಷ್ಟು ಅಗಲವಾಗಿ ಹರಡುವಂತೆ ಇಟ್ಟರೆ ಒಂದು ಕಿಲೋಮೀಟರು ದೂರದಲ್ಲಿ ಸುಮಾರು 70 ಮೀಟರು ಅಗಲದ ಬೆಳಕಿನ ವೃತ್ತವು ಬೀಳುತ್ತದೆ. ಗಾಳಿಯು ನಿರ್ಮಲವಾಗಿದ್ದರೆ ಆ ವೃತ್ತದ ನಡುವೆ ಹುಣ್ಣಿಮೆಯ ಬೆಳದಿಂಗಳಿಗಿಂತ ನೂರು ಪಟ್ಟು ಮಿಗಿಲಾದ ಬೆಳಕಿರುತ್ತದೆ.

ಹಿಂದೆ ಈ ಬೆಳಕನ್ನು ಎರಡು ಇದ್ದಿಲಿನ ಕಡ್ಡಿಗಳ ನಡುವೆ ವಿದ್ಯುತ್ತಿನ ಚಾಪವನ್ನು ಹೊತ್ತಿಸಿ ಪಡೆಯುತ್ತಿದ್ದರು. ನಮ್ಮ ಚಿತ್ರಮಂದಿರಗಳಲ್ಲಿಯೂ ಬಹುಕಾಲ ಅದೇ ಪದ್ಧತಿಯಿತ್ತು. ಆಮೇಲೆ ಎರಡು ಕಡೆಗಳಲ್ಲಿಯೂ ಸೆನಾನ್ ದೀಪವು ಬಂದಿತು. ಬೆಣಚುಕಲ್ಲನ್ನು ಕರಗಿಸಿ ಮಾಡಿದ ಗಾಜಿನ ಬುರುಡೆಯಲ್ಲಿ ಸೆನಾನ್ ಎಂಬ ಅನಿಲವನ್ನು ಒತ್ತಿ ತುಂಬಿ, ಎರಡು ಟಂಗ್‌ಸ್ಟನ್ ಕಡ್ಡಿಗಳನ್ನು ಎದುರುಬದುರಾಗಿ ನಿಲ್ಲಿಸಿ, ಅವುಗಳ ನಡುವೆ ಚಾಪವನ್ನು ಹಾಯಿಸುತ್ತಾರೆ. ಇಷ್ಟನ್ನು ತಿಳಿದರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೊದಲನೆಯ ಮಾತು, ಆರಿದ ದೀಪವನ್ನು ನಂಬಬಾರದು. ಸಾಮಾನ್ಯವಾದ ಬಲ್ಬು ಆರಿದರೆ ಸಾಧುವಾಗುತ್ತದೆ. ಸೆನಾನ್ ಬುರುಡೆ ಹಾಗಲ್ಲ. ಅದು ತಣ್ಣಗೆ ಪೆಟ್ಟಿಗೆಯಲ್ಲಿ ಮಲಗಿರುವಾಗಲೂ ಅದರೊಳಗಿನ ಒತ್ತಡವು ಹೊರಗಿನ ವಾಯುವಿನ ಒತ್ತಡದ ಹಲವು ಪಟ್ಟು ಇರುತ್ತದೆ. ಉರಿಯುವಾಗ ಅದರ ಮೂರು ಪಟ್ಟಿನಷ್ಟಾಗುತ್ತದೆ. ಕೈಯಿಂದ ಜಾರಿದರೆ, ಉಪಕರಣ ತಾಗಿದರೆ, ಬಿಗಿಯುವಾಗ ಕೊಂಚ ಓರೆಯಾಗಿ ಬಲ ಬಿದ್ದರೆ, ಅದು ಒಡೆಯುವುದಲ್ಲ, ಸಿಡಿಯುತ್ತದೆ. ಗಾಜಿನ ಚೂರುಗಳು ಮುಖಕ್ಕೂ ಕತ್ತಿಗೂ ನಾಟುತ್ತವೆ. ಆದುದರಿಂದ ಮುಖವನ್ನೆಲ್ಲ ಮುಚ್ಚುವ ಗವಸು, ದಪ್ಪವಾದ ಕೈಚೀಲ, ಕತ್ತನ್ನು ಮುಚ್ಚುವ ದಪ್ಪ ಅಂಗಿ, ಇವಿಲ್ಲದೆ ಬುರುಡೆಯ ಹತ್ತಿರಕ್ಕೆ ಹೋಗತಕ್ಕದ್ದಲ್ಲ. ಹೊಸ ಬುರುಡೆಯು ಒಂದು ರಕ್ಷಾಕವಚದೊಳಗೆ ಬರುತ್ತದೆ. ಅದನ್ನು ಸ್ಥಳದಲ್ಲಿ ಕೂರಿಸಿ ಆದ ಮೇಲೆ ಕವಚವನ್ನು ತೆಗೆಯಬೇಕು. ಹಳೆಯ ಬುರುಡೆಯನ್ನು ಬಿಚ್ಚುವ ಮೊದಲೇ ಕವಚವನ್ನು ತೊಡಿಸಬೇಕು. ಕೆಟ್ಟುಹೋದ ಬುರುಡೆಯಲ್ಲಿಯೂ ಒತ್ತಡವು ಹಾಗೆಯೇ ಇರುತ್ತದೆ. ಅದನ್ನು ಕಸದ ತೊಟ್ಟಿಗೆ ಎಸೆಯುವುದು ಏನೂ ಅರಿಯದ ಕಸದವನ ಕೈಗೆ ಸಿಡಿಮದ್ದನ್ನು ಕೊಟ್ಟಂತೆ.

ಎರಡನೆಯದು ಬೆರಳಿನ ಗುರುತು. ಬರಿಗೈಯಿಂದ ಬುರುಡೆಯನ್ನು ಮುಟ್ಟಬಾರದೆಂಬ ನಿಯಮವು ಕೇಳಿದವರಿಗೆ ಮಡಿಯಂತೆ ತೋರಬಹುದು. ಆದರೆ ಇದಕ್ಕೆ ರಸಾಯನಶಾಸ್ತ್ರದ ಆಧಾರವುಂಟು. ಬೆವರಿನಲ್ಲಿ ಉಪ್ಪಿದೆ. ದೀಪವು ಕಾದಾಗ ಆ ಉಪ್ಪು ಗಾಜಿನೊಡನೆ ಬೆರೆತು, ಪಾರದರ್ಶಕವಾಗಿದ್ದ ಜಾಗವನ್ನು ಮಂಜುಮಂಜಾದ ಹರಳಾಗಿ ಮಾರ್ಪಡಿಸುತ್ತದೆ. ಆ ಕಲೆಯು ಬೆಳಕನ್ನು ತಡೆದು ತಾನೇ ಹೆಚ್ಚಾಗಿ ಕಾಯುತ್ತದೆ. ಒತ್ತಡವನ್ನು ತಡೆಯುವ ಗೋಡೆಯು ಅಲ್ಲಿಯೇ ಬಲಗುಂದುತ್ತದೆ. ತಪ್ಪಿ ಮುಟ್ಟಿದರೆ ದೀಪವನ್ನು ಹೊತ್ತಿಸುವ ಮೊದಲೇ ಶುದ್ಧವಾದ ಆಲ್ಕೋಹಾಲಿನಲ್ಲಿ ಅದ್ದಿದ, ನೂಲೆಳೆ ಉದುರದ ಬಟ್ಟೆಯಿಂದ ಒರಸಿ ತೆಗೆಯಬೇಕು. ಒಮ್ಮೆ ಉರಿದ ಮೇಲೆ ಆ ಗುರುತು ಹೋಗದು.

ಮೂರನೆಯದು ವಿದ್ಯುತ್ತು. ವಿಮಾನದ ವಿದ್ಯುತ್ತು 28 ವೋಲ್ಟುಗಳದು. ಅಷ್ಟರಿಂದ ಒತ್ತಿ ತುಂಬಿದ ಅನಿಲದ ಮೂಲಕ ಚಾಪವು ಜಿಗಿಯಲಾರದು. ಆದಕಾರಣ ಹೊತ್ತಿಸುವ ಒಂದು ಕ್ಷಣದಲ್ಲಿ ಮಾತ್ರ 20 ಸಾವಿರ ವೋಲ್ಟಿಗೂ ಮೀರಿದ ಪೆಟ್ಟನ್ನು ಕೊಡುತ್ತಾರೆ. ಚಾಪವು ಹತ್ತಿದ ಮೇಲೆ ಕೆಲವೇ ವೋಲ್ಟುಗಳು ಸಾಕು. ಆದರೆ 65 ಆಂಪೇರುಗಳಷ್ಟು ಪ್ರವಾಹವು ಹರಿಯುತ್ತದೆ. ಹೀಗೆ ಒಂದೇ ಯಂತ್ರದಲ್ಲಿ ಎರಡು ಬಗೆಯ ಅಪಾಯಗಳಿವೆ. ಹೊತ್ತಿಸುವ ಮಂಡಲದ ಕಂಡೆನ್ಸರುಗಳು ಸ್ವಿಚ್ಚನ್ನು ಆರಿಸಿದ ಮೇಲೆಯೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು. ಆದುದರಿಂದ ಮೊದಲು ವಿದ್ಯುತ್ತಿನ ಸಂಬಂಧವನ್ನು ಕಡಿದು, ಬೇರೆಯವರು ತಿಳಿಯದೆ ಮತ್ತೆ ಹಾಕದಂತೆ ಸ್ವಿಚ್ಚಿಗೆ ಫಲಕವನ್ನು ಕಟ್ಟಿ, ಹೇಳಿದಷ್ಟು ಕಾಲ ಕಾದು, ಶೇಷವನ್ನು ನೆಲಕ್ಕೆ ಹರಿಯಿಸಿ, ಆಮೇಲೆ ಕೈಹಾಕಬೇಕು. ಇನ್ನು ಪ್ರವಾಹದ ಮಾತು. ತಂತಿಯ ಒಂದು ಸಂದು ಸಡಿಲವಾಗಿ ಅಲ್ಲಿ ಓಮಿನ ನೂರರಲ್ಲೊಂದು ಪಾಲಿನಷ್ಟು ತಡೆ ಹುಟ್ಟಿತೆಂದು ಭಾವಿಸೋಣ. 65 ಆಂಪೇರು ಹರಿದರೆ ಆ ಚಿಕ್ಕ ಸಂದಿನಲ್ಲಿ 42 ವಾಟುಗಳ ಶಾಖವು ಹುಟ್ಟುತ್ತದೆ. ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಅಲ್ಲಿಯೇ ಇಟ್ಟಂತಾಗಿ ಬುರುಡೆಯ ಬಾಯಿಯ ಮುದ್ರೆಯು ಸುಟ್ಟುಹೋಗುತ್ತದೆ. ಹೆಲಿಕಾಪ್ಟರು ಸದಾ ನಡುಗುವ ವಾಹನವಾದ್ದರಿಂದ ಸಂದುಗಳನ್ನೂ, ದೀಪವನ್ನು ಹಿಡಿದಿರುವ ಬೋಲ್ಟುಗಳನ್ನೂ, ಅವು ತಿರುಗದಂತೆ ಬಿಗಿದ ತಂತಿಗಳನ್ನೂ ಆಗಾಗ ನೋಡುತ್ತಿರಬೇಕು. ಧನ ಋಣ ತುದಿಗಳನ್ನಂತೂ ಎಂದಿಗೂ ಅದಲುಬದಲು ಮಾಡಬಾರದು. ದಪ್ಪವಾದ ಧನಧ್ರುವವು ತಡೆಯುವ ಶಾಖವನ್ನು ತೆಳುವಾದ ಋಣಧ್ರುವವು ತಡೆಯಲಾರದೆ ಸ್ವಲ್ಪ ಹೊತ್ತಿನಲ್ಲಿಯೇ ಕರಗುತ್ತದೆ.

ನಾಲ್ಕನೆಯದು ಬೆಳಕೇ. ರಾಯಚೂರಿನ ಪೇಟೆಯಲ್ಲಾಗಲಿ ಮಾನ್ವಿಯ ಹಾದಿಯಲ್ಲಾಗಲಿ ಟ್ರಾಕ್ಟರಿನ ನೊಗವನ್ನೋ ಕಬ್ಬಿಣದ ಕಿಟಕಿಯನ್ನೋ ವೆಲ್ಡಿಂಗು ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಹುಡುಗರು ಅದನ್ನು ಬರಿಗಣ್ಣಿನಿಂದ ನೋಡಿ ಸಂಜೆಗೆ ಆಟವಾಡಿಕೊಂಡೇ ಇರುತ್ತಾರೆ. ನಡುರಾತ್ರಿಯಲ್ಲಿ ಕಣ್ಣಿಗೆ ಮರಳು ತುಂಬಿದಂತೆ ಉರಿದು ಅಳುತ್ತಾರೆ. ನೇರಿಳಾತೀತ ಕಿರಣಗಳ ಸ್ವಭಾವವೇ ಇದು. ಪೆಟ್ಟು ಬಿದ್ದಾಗ ತಿಳಿಯದು. ಗಂಟೆಗಳು ಕಳೆದ ಮೇಲೆ ತಿಳಿಯುತ್ತದೆ. ಶೋಧದೀಪದ ಚಾಪದಲ್ಲಿಯೂ ಈ ಕಿರಣಗಳುಂಟು. ಮುಂದಿನ ಗಾಜು ಇವುಗಳಲ್ಲಿ ಬಹುಭಾಗವನ್ನು ತಡೆಯುತ್ತದೆ. ಆದುದರಿಂದ ಮುಚ್ಚಳವನ್ನು ತೆಗೆದು ದೀಪವನ್ನು ಉರಿಸಿ ನೋಡುವ ಚಪಲವು ಕೂಡದು. ಬಿರುಕುಬಿಟ್ಟ ಮುಂಗಾಜಿನ ದೀಪವನ್ನು ಹೊತ್ತಿಸಲೂ ಕೂಡದು.

ಐದನೆಯದು ಶಾಖ. ದೀಪದ ಮುಂದೆ ಸಮೀಪದಲ್ಲಿ ಒಣಹುಲ್ಲು, ಕಾಗದ, ಬಟ್ಟೆಗಳಿದ್ದರೆ ಕಿರಣವೇ ಅವಕ್ಕೆ ಬೆಂಕಿ ಹತ್ತಿಸಬಲ್ಲುದು. ನೆಲದ ಮೇಲೆ ಪರೀಕ್ಷೆ ಮಾಡುವಾಗ ಇಂಧನದ ಬಂಡಿಯು ಹತ್ತಿರದಲ್ಲಿರಬಾರದು, ಕಿರಣದ ಹಾದಿಯಲ್ಲಿ ಮನುಷ್ಯರಿರಬಾರದು. ಎದುರಿಗೆ ಬಿಳಿಯ ಗೋಡೆಯೂ ಇರಬಾರದು. ಅದರಿಂದ ಹಿಂದಿರುಗಿದ ಬೆಳಕೇ ಕಣ್ಣನ್ನು ಕೆಡಿಸೀತು. ಪರೀಕ್ಷೆಯು ಚಿಕ್ಕದಾಗಿರಬೇಕು. ದೀಪವನ್ನು ಆರಿಸಿದ ಕೂಡಲೆ ಅದರ ಫ್ಯಾನನ್ನು ನಿಲ್ಲಿಸದೆ, ತಯಾರಕರು ಹೇಳಿದಷ್ಟು ನಿಮಿಷಗಳು ತಿರುಗಗೊಡಬೇಕು. ಕಾದ ಕಂದೀಲಿನ ಗಾಜಿಗೆ ಒದ್ದೆಯ ಬಟ್ಟೆಯನ್ನು ಮುಟ್ಟಿಸಿದರೆ ಏನಾಗುವುದೆಂದು ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಗೊತ್ತಿತ್ತು. ಅವಸರದ ಕೈಗೆ ಗಾಜು ಎಂದೂ ಒಗ್ಗುವುದಿಲ್ಲ.

ಉಳಿದುದು ದಿನಚರಿಯ ಪುಸ್ತಕ. ಪ್ರತಿಯೊಂದು ಬುರುಡೆಗೂ ಇಷ್ಟು ಗಂಟೆಗಳ ಆಯುಸ್ಸೆಂದು ಗೊತ್ತುಮಾಡಿರುತ್ತಾರೆ. ಉರಿದಷ್ಟೂ ಟಂಗ್‌ಸ್ಟನ್ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಾಗಿ ಹತ್ತುತ್ತದೆ, ಗಾಜು ಹೆಚ್ಚು ಕಾಯುತ್ತದೆ, ಬಲಗುಂದುತ್ತದೆ. "ಇನ್ನೂ ಚೆನ್ನಾಗಿ ಉರಿಯುತ್ತಿದೆಯಲ್ಲ, ಇನ್ನಷ್ಟು ದಿನ ಇರಲಿ" ಎಂಬ ಮಿತವ್ಯಯವು ಇಲ್ಲಿ ಅಪಾಯಕರವಾದುದು. ಎಷ್ಟು ಬಾರಿ ಹೊತ್ತಿಸಿದರು, ಎಷ್ಟು ಗಂಟೆ ಉರಿಯಿತು, ಹೊತ್ತಲು ತಡಮಾಡಿತೆ, ಬೆಳಕು ನಡುಗಿತೆ ಎಂಬುದನ್ನೆಲ್ಲ ಬರೆದಿಡತಕ್ಕದ್ದು. ಕಡಲ ಮೇಲೆ ಹಾರಿಬಂದ ದೀಪದ ಉಪ್ಪನ್ನು, ನಮ್ಮ ಎರೆಯ ಸೀಮೆಯಲ್ಲಿ ಇಳಿದೇರಿದ ದೀಪದ ಧೂಳನ್ನು, ಗಾಜಿಗೆ ಗೀರು ಬೀಳದಂತೆ ತೆಗೆಯತಕ್ಕದ್ದು. ಈಚೆಗೆ ಸೆನಾನಿಗೆ ಬದಲಾಗಿ ಎಲ್‌ಇಡಿ ದೀಪಗಳು ಬರುತ್ತಿವೆ. ಅವುಗಳಲ್ಲಿ ಒತ್ತಡದ ಭಯವಿಲ್ಲವೆಂಬುದು ನಿಜ. ಆದರೆ ಕಣ್ಣು ಕೋರೈಸುವ ಭಯವೂ, ಶಾಖವೂ, ಸಡಿಲವಾದ ಬೋಲ್ಟಿನ ಭಯವೂ ಹಾಗೆಯೇ ಉಳಿದಿವೆ.

ಶ್ರೋತೃಗಳಲ್ಲಿ ಬಹುಮಂದಿಗೆ ಈ ದೀಪವನ್ನು ಮುಟ್ಟುವ ಪ್ರಸಂಗವೇ ಬರಲಾರದು. ಆದರೂ ಎರಡು ಮಾತುಗಳು ಎಲ್ಲರಿಗೂ ಸಲ್ಲುತ್ತವೆ. ಎಂದಾದರೂ ನೆರೆಯ ರಾತ್ರಿಯಲ್ಲಿ ಅಂತಹ ಕಿರಣವು ನಿಮ್ಮ ಮೇಲೆ ಬಿದ್ದರೆ ದೀಪವನ್ನೇ ದಿಟ್ಟಿಸಬೇಡಿರಿ. ಮುಖವನ್ನು ತಗ್ಗಿಸಿ, ಬಟ್ಟೆಯನ್ನು ಬೀಸಿರಿ. ಮೇಲಕ್ಕೆ ಕೈಬತ್ತಿಯ ಬೆಳಕನ್ನು ವಿಮಾನಿಕನ ಕಣ್ಣಿಗೆ ಹಿಡಿಯಬೇಡಿರಿ. ಕತ್ತಲೆಗೆ ಹೊಂದಿಕೊಂಡ ಅವನ ದೃಷ್ಟಿ ಮತ್ತೆ ಸ್ವಾಧೀನಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ.

ಇನ್ನೊಂದು ಮಾತು, ಆ ಬೆಳಕಿನ ಹಿಂದೆ ಇರುವವರನ್ನು ಕುರಿತದ್ದು. ಬದುಕಿ ಬಂದವನು ವಿಮಾನಿಕನಿಗೆ ಕೈಮುಗಿಯುತ್ತಾನೆ; ಅದು ನ್ಯಾಯವೇ. ಆದರೆ ಹಿಂದಿನ ವಾರ, ಯಾವ ನೆರೆಯೂ ಇಲ್ಲದ ಒಂದು ಸಾಧಾರಣವಾದ ಮಧ್ಯಾಹ್ನದಲ್ಲಿ, ಮುಖಗವಸನ್ನು ತೊಟ್ಟು, ಬೆವರನ್ನು ಒರಸಿಕೊಳ್ಳಲೂ ಕೈ ಬಿಡುವಿಲ್ಲದೆ, ಒಬ್ಬನು ಆ ಬುರುಡೆಯನ್ನು ಕೂರಿಸಿ, ಸಂದುಗಳನ್ನು ಬಿಗಿದು, ಪುಸ್ತಕದಲ್ಲಿ ಗಂಟೆಗಳನ್ನು ಬರೆದು ಸಹಿ ಹಾಕಿರುತ್ತಾನೆ. ಮರದ ಮೇಲೆ ಕುಳಿತವನಿಗೆ ದೀಪವು ಹತ್ತಿದುದು ಆ ಸಹಿಯಿಂದ. ಆ ಕೆಲಸಗಾರನ ಕಣ್ಣೂ ಕೈಯೂ ಸುರಕ್ಷಿತವಾಗಿರುವಂತೆ ಸಲಕರಣೆಯನ್ನೂ, ಕಾಲಾವಕಾಶವನ್ನೂ ಒದಗಿಸುವುದು ಅವನನ್ನು ಕೆಲಸಕ್ಕಿಟ್ಟವರ ಹೊಣೆ. ಅದನ್ನು ಕೇಳಿ ತಿಳಿದಿರುವುದು ನಮ್ಮ ಹೊಣೆ.