ಜೋಡಿಯಾಟದ ಬೋಪಣ್ಣನವರು

ರಾಜಾಜಿನಗರ, ವಿಜಯನಗರ ಮೊದಲಾದ ಬಡಾವಣೆಗಳಿಂದ ಮಕ್ಕಳನ್ನು ಟೆನ್ನಿಸ್ ಕಲಿಯಲು ಕಳುಹಿಸುವ ತಾಯಿತಂದೆಗಳಲ್ಲಿ ಒಂದು ಶಂಕೆ ಹುಟ್ಟುವುದು ಸಹಜ: ಇಪ್ಪತ್ತರೊಳಗೆ ಹೆಸರು ಬಾರದಿದ್ದರೆ ಪಟ್ಟ ಶ್ರಮವೆಲ್ಲವೂ ವ್ಯರ್ಥವಲ್ಲವೇ? ಇದಕ್ಕೆ ಉತ್ತರವನ್ನು ನಾವು ರೋಹನ್ ಬೋಪಣ್ಣನವರ ಜೀವನದಲ್ಲಿ ಅರಸಬಹುದು.

ಬೋಪಣ್ಣನವರು ಜನಿಸಿದುದು 1980ನೆಯ ಇಸವಿ ಮಾರ್ಚ್ 4ರಂದು, ಬೆಂಗಳೂರಿನಲ್ಲಿ, ಮನೆತನವು ಕೊಡಗಿನದು. 2002ರಲ್ಲಿ ಅವರು ಡೇವಿಸ್ ಕಪ್ ಪಂದ್ಯದಲ್ಲಿ ಭಾರತದ ಪರವಾಗಿ ಮೊದಲ ಬಾರಿ ಆಡಿದರು. ಒಂಟಿಯಾಟದಲ್ಲಿ ಲೋಕದ ಮೊದಲ ಇನ್ನೂರು ಮಂದಿಯೊಳಗೆ ಅವರಿಗೆ ಸ್ಥಾನ ದೊರೆಯಲಿಲ್ಲ. ಅವರ ಕೀರ್ತಿಯೆಲ್ಲವೂ ಜೋಡಿಯಾಟದಿಂದ ಬಂದುದು.

ಈ ಎರಡು ಆಟಗಳ ಭೇದವನ್ನು ತಿಳಿಯುವುದು ಆವಶ್ಯಕ. ಅಂಗಣದ ಉದ್ದ ಎರಡಕ್ಕೂ 78 ಅಡಿ. ಅಗಲವು ಒಂಟಿಯಾಟಕ್ಕೆ 27 ಅಡಿ, ಜೋಡಿಯಾಟಕ್ಕೆ 36 ಅಡಿ. ಆದರೆ ಇಬ್ಬರು ಹಂಚಿಕೊಳ್ಳುವುದರಿಂದ ಒಬ್ಬನ ಪಾಲಿಗೆ ಬರುವುದು ಸುಮಾರು 18 ಅಡಿ ಮಾತ್ರ. ಆದಕಾರಣ ಇಲ್ಲಿ ಓಟಕ್ಕಿಂತ ಬಿರುಸಾದ ಸರ್ವ್, ಬಲೆಯ ಬಳಿಯ ಚುರುಕು, ಜೊತೆಗಾರನ ಇಂಗಿತವನ್ನರಿಯುವ ವಿವೇಕ, ಇವು ಹೆಚ್ಚು ಬೇಕು. ಓಟವನ್ನು ವಯಸ್ಸು ಕಸಿದುಕೊಳ್ಳುತ್ತದೆ. ವಿವೇಕವನ್ನು ವಯಸ್ಸೇ ಕೊಡುತ್ತದೆ.

2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಡನೆ ಅಮೆರಿಕದ ಮಹಾಪಂದ್ಯಾವಳಿಯ ಅಂತಿಮ ಘಟ್ಟವನ್ನು ಮುಟ್ಟಿ, ಬ್ರಯನ್ ಸೋದರರಿಗೆ ಸೋತರು. 2017ರಲ್ಲಿ ಕೆನಡಾದ ಗೇಬ್ರಿಯೇಲಾ ಡಬ್ರೌಸ್ಕಿಯವರೊಡನೆ ಫ್ರೆಂಚ್ ಪಂದ್ಯಾವಳಿಯ ಮಿಶ್ರ ಜೋಡಿಯಾಟವನ್ನು ಗೆದ್ದರು. ಆದರೆ ಪುರುಷರ ಜೋಡಿಯಾಟದ ಮಹಾಪ್ರಶಸ್ತಿ ಕೈಗೂಡಲಿಲ್ಲ. ಇಷ್ಟರಲ್ಲಿ ಮಂಡಿಯ ಮೂಳೆಗಳ ನಡುವಣ ಮೆತ್ತೆ ಸವೆದು ನೋವು ಕಾಡಿತು. 2021ರಲ್ಲಿ ಸೋಲಿನ ಮೇಲೆ ಸೋಲು ಬಂದು, ಆಟವನ್ನು ಬಿಡುವ ಆಲೋಚನೆಯೂ ಅವರಲ್ಲಿ ಮೂಡಿತು. ಆಗ ನೆರವಾದುದು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರ ಯೋಗಪದ್ಧತಿ. ಮಂಡಿಗೆ ಆಧಾರವಾದ ಸ್ನಾಯುಗಳನ್ನು ಬಲಪಡಿಸಿಕೊಂಡು ಅವರು ಮರಳಿ ಅಂಗಣಕ್ಕಿಳಿದರು.

2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್‌ರೊಡನೆ ಆಸ್ಟ್ರೇಲಿಯನ್ ಪಂದ್ಯಾವಳಿಯನ್ನು ಗೆದ್ದರು. ಅದು ಅವರ 61ನೆಯ ಪ್ರಯತ್ನ. ಆ ತಿಂಗಳೇ ಜೋಡಿಯಾಟದಲ್ಲಿ ಲೋಕದ ಪ್ರಥಮ ಸ್ಥಾನವೂ ದೊರೆಯಿತು. ಅಷ್ಟು ವಯಸ್ಸಿನಲ್ಲಿ ಅದನ್ನು ಮೊದಲ ಬಾರಿಗೆ ಪಡೆದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಅದೇ ವರ್ಷ ಪದ್ಮಶ್ರೀ ಸಂದಿತು. 2025ರ ನವೆಂಬರ್ 1ರಂದು ಅವರು ನಿವೃತ್ತಿಯನ್ನು ಸಾರಿದರು.

ಇಂತಹ ಫಲವು ಎಲ್ಲರಿಗೂ ಒದಗುವುದೆಂದು ನಾವು ಹೇಳಲಾರೆವು. ಆದರೆ ಮಗುವಿನ ವಯಸ್ಸನ್ನು ಎಣಿಸುವ ಮೊದಲು, ಅದರ ಸ್ವಭಾವಕ್ಕೆ ಒಪ್ಪುವ ಆಟ ಯಾವುದೆಂದು ವಿಚಾರಿಸುವುದು ಲೇಸು.