ಎಂಟು ಗಂಡುಮಕ್ಕಳಲ್ಲಿ ಐವರು

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸೇನಾಪತಿಗಳ ಹೆಸರುಗಳನ್ನೂ, ಗೆದ್ದ ಸೋತ ಊರುಗಳ ಹೆಸರುಗಳನ್ನೂ ತಪ್ಪದೆ ದಾಖಲಿಸುತ್ತಾರೆ. ಬರಿದಾದ ಮನೆಗಳ ಲೆಕ್ಕ ಆ ಗ್ರಂಥಗಳಲ್ಲಿ ದೊರೆಯುವುದು ಅಪರೂಪ. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಏಳು ಲಕ್ಷಕ್ಕೂ ಹೆಚ್ಚು ಸೈನಿಕರು ಮಡಿದರು. ಇಷ್ಟು ದೊಡ್ಡ ಸಂಖ್ಯೆ ಕಿವಿಗೆ ಬೀಳುತ್ತದೆ, ಮನಸ್ಸಿಗೆ ನಾಟುವುದಿಲ್ಲ. ಆ ಏಳು ಲಕ್ಷದಲ್ಲಿ ಐವರು ಒಬ್ಬಳೇ ತಾಯಿಯ ಮಕ್ಕಳೆಂದು ತಿಳಿದಾಗ ಎದೆ ಝಲ್ಲೆನ್ನುತ್ತದೆ. ಫ್ರೀಸ್‌ಥಾರ್ಪ್ ಎಂಬ ಇಂಗ್ಲಿಷ್ ಹಳ್ಳಿಯ ಬೀಚೆ ಮನೆತನದ ಕಥೆ ಅಂತಹುದು.

ಲಿಂಕನ್ ನಗರದ ಈಶಾನ್ಯಕ್ಕೆ, ಹೊಲಗಳ ನಡುವೆ ಇರುವ ಪುಟ್ಟ ಊರು ಫ್ರೀಸ್‌ಥಾರ್ಪ್. ಅಲ್ಲಿನ ಇಗರ್ಜಿಯಲ್ಲಿ ಪಾದ್ರಿಯಾಗಿದ್ದವರು ಪ್ರಿನ್ಸ್ ವಿಲಿಯಂ ಥಾಮಸ್ ಬೀಚೆ. 'ಪ್ರಿನ್ಸ್' ಎಂಬುದು ತಂದೆತಾಯಿಗಳಿಟ್ಟ ಹೆಸರೇ ಹೊರತು ಬಿರುದಲ್ಲ. ರಾಜಕುಮಾರರ ಸಿರಿಯಂತೂ ಆ ಮನೆಯಲ್ಲಿರಲಿಲ್ಲ. ಅವರಿಗೂ ಪತ್ನಿ ಏಮಿಯವರಿಗೂ 14 ಮಂದಿ ಮಕ್ಕಳು. ಎಂಟು ಗಂಡು, ಆರು ಹೆಣ್ಣು. ಹಳ್ಳಿಯ ಪಾದ್ರಿಯ ಅಲ್ಪ ವರಮಾನದಲ್ಲಿ ಇಷ್ಟು ಮಕ್ಕಳನ್ನು ಸಾಕಿ, ಓದಿಸಿ, ದಾರಿಗೆ ಹಚ್ಚುವುದು ಸುಲಭದ ಮಾತಲ್ಲ. ಆದರೂ ಹುಡುಗರು ಓದಿದರು, ಬಿಡುವಾದಾಗ ಕ್ರಿಕೆಟ್ ಆಡಿದರು, ಬೆಳೆದು ಜೀವನೋಪಾಯ ಹುಡುಕಿಕೊಂಡರು. ಬಾರ್ನಾರ್ಡ್, ಚಾರ್ಲ್ಸ್, ಫ್ರ್ಯಾಂಕ್ ಮೂವರೂ ಉಪಾಧ್ಯಾಯರಾದರು. ಲೆನರ್ಡ್ ರೈಲ್ವೆ ಕಚೇರಿಯಲ್ಲಿ ಗುಮಾಸ್ತನಾದನು. ಎರಿಕ್ ದಂತವೈದ್ಯನಾದನು. ಕ್ರಿಸ್ಟೋಫರನೂ ಹೆರಾಲ್ಡನೂ ಬೇಸಾಯದ ಆಸೆಯಿಂದ ದೂರದ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಸ್ಯಾಮ್ಯುಯೆಲ್ ಎಲ್ಲರಿಗಿಂತ ಕಿರಿಯನು.

1912ರಲ್ಲಿ ಪಾದ್ರಿಗಳು ತೀರಿಕೊಂಡರು. ಅವರು ವಾಸವಾಗಿದ್ದ ಮನೆ ಇಗರ್ಜಿಗೆ ಸೇರಿದ್ದು. ಹೊಸ ಪಾದ್ರಿಗೆ ಅದನ್ನು ಬಿಟ್ಟುಕೊಡಲೇಬೇಕು. ವಿಧವೆಯಾದ ಏಮಿಯವರು ಹಳ್ಳಿಯನ್ನು ತೊರೆದು ಲಿಂಕನ್ ನಗರದ ಒಂದು ಸಣ್ಣ ಮನೆಯಲ್ಲಿ ಸಂಸಾರ ಹೂಡಿದರು. ಎರಡೇ ವರ್ಷಗಳಲ್ಲಿ ಯುದ್ಧ ಬಂದಿತು. ಎಂಟು ಮಂದಿ ಗಂಡುಮಕ್ಕಳೂ ಒಬ್ಬೊಬ್ಬರಾಗಿ ಸಮವಸ್ತ್ರ ಧರಿಸಿದರು. ಆಸ್ಟ್ರೇಲಿಯದಲ್ಲಿದ್ದ ಇಬ್ಬರು ಆ ದೇಶದ ಸೇನೆಯನ್ನೇ ಸೇರಿದರು.

ಆಮೇಲಿನ ನಾಲ್ಕು ವರ್ಷ ಆ ತಾಯಿಯ ಬದುಕೆಲ್ಲ ಅಂಚೆಯವನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು ಕಾಯುವುದೇ ಆಯಿತು. ಫ್ರಾನ್ಸಿನಿಂದ, ಗ್ಯಾಲಿಪೊಲಿಯಿಂದ, ಆಫ್ರಿಕದಿಂದ ಮಕ್ಕಳ ಕಾಗದಗಳು ಬರುತ್ತಿದ್ದವು. ಆದರೆ ಅದೇ ಅಂಚೆಯಲ್ಲಿ ಮತ್ತೊಂದು ಬಗೆಯ ಕಾಗದವೂ ಬರುತ್ತಿತ್ತು. ಅಧಿಕಾರಿಗಳು ಸತ್ತರೆ ಮನೆಗೆ ತಂತಿ ಬರುವುದು ಬ್ರಿಟಿಷ್ ಸೇನೆಯ ಪದ್ಧತಿ. ಸಾಮಾನ್ಯ ಸೈನಿಕನ ಮನೆಗೆ ಅಚ್ಚುಹಾಕಿದ ನಮೂನೆಯೊಂದು ಅಂಚೆಯಲ್ಲಿ ಬರುತ್ತಿತ್ತು. ಬಿಟ್ಟ ಜಾಗಗಳಲ್ಲಿ ಹೆಸರು, ಪಡೆ, ದಿನಾಂಕಗಳನ್ನು ಗುಮಾಸ್ತರು ತುಂಬಿರುತ್ತಿದ್ದರು.

ಮೊದಲು ಹೋದವನು ಹಿರಿಯ ಮಗ ಬಾರ್ನಾರ್ಡ್. ಲಿಂಕನ್‌ಷೈರ್ ರೆಜಿಮೆಂಟಿನಲ್ಲಿ ಸಾರ್ಜೆಂಟನಾಗಿದ್ದ ಆತನಿಗೆ 38 ವರ್ಷ. 1915ರ ಸೆಪ್ಟೆಂಬರ್ 25ರಂದು, ಲೂಸ್ ಕದನ ಆರಂಭವಾದ ದಿನವೇ, ಜರ್ಮನರ ಕಂದಕದ ಮೇಲೆ ದಾಳಿ ನಡೆಸುವಾಗ ಆತನು ಮಡಿದನು.

ಎರಡನೆಯವನು ಫ್ರ್ಯಾಂಕ್, ಸೆಕೆಂಡ್ ಲೆಫ್ಟಿನೆಂಟ್. 1916ರ ನವೆಂಬರಿನಲ್ಲಿ, ಸೋಮ್ ಕದನದ ಕೊನೆಯ ದಿನಗಳಲ್ಲಿ, ಸಿಡಿಗುಂಡೊಂದು ಆತನ ಕಾಲುಗಳನ್ನು ಛಿದ್ರಗೊಳಿಸಿತು. ಎರಡು ಸೇನೆಗಳ ನಡುವಣ ಬಯಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಆತನು ಬಿದ್ದಿದ್ದನು. ಕೊನೆಗೆ ವೈದ್ಯನೊಬ್ಬನು ಪ್ರಾಣದ ಹಂಗು ತೊರೆದು, ತೆವಳುತ್ತ ಬಂದು, ನೋವು ತಗ್ಗಿಸಲು ಮಾರ್ಫಿಯಾ ಕೊಟ್ಟನು. ನವೆಂಬರ್ 14ರಂದು ಫ್ರ್ಯಾಂಕ್ ಅಸುನೀಗಿದನು.

ಹೆರಾಲ್ಡನ ಬದುಕು ಕೂದಲೆಳೆಯಲ್ಲಿ ಉಳಿಯುತ್ತ ಬಂದುದು. ಗ್ಯಾಲಿಪೊಲಿಯಲ್ಲಿ ಆಮಶಂಕೆಗೆ ತುತ್ತಾಗಿ ಚೇತರಿಸಿಕೊಂಡನು. ಫ್ರಾನ್ಸಿನಲ್ಲಿ ಗಾಯಗೊಂಡು ಗುಣಮುಖನಾದನು. ಗುಣವಾದವನನ್ನು ಸೇನೆ ಮತ್ತೆ ಮುಂಚೂಣಿಗೆ ಕಳುಹಿಸಿತು. 1917ರ ಏಪ್ರಿಲ್ 10ರಂದು ಬುಲ್ಲೆಕೂರ್ ಬಳಿ, 26ನೆಯ ವಯಸ್ಸಿನಲ್ಲಿ ಆತನ ಅದೃಷ್ಟ ಮುಗಿಯಿತು.

ಚಾರ್ಲ್ಸನನ್ನು ಯುದ್ಧ ಕೊಂಡೊಯ್ದುದು ಬೇರೆಯದೇ ಖಂಡಕ್ಕೆ. ಇಂದಿನ ಟಾಂಜಾನಿಯ ಆಗ ಜರ್ಮನರ ವಸಾಹತು. ಆ ರಣರಂಗ ಕನ್ನಡಿಗರಿಗೂ ತೀರ ಅಪರಿಚಿತವೇನಲ್ಲ; 1914ರ ನವೆಂಬರಿನಲ್ಲಿ ಅಲ್ಲಿನ ಟಾಂಗಾ ಬಂದರಿನಲ್ಲಿ ಇಳಿದು ಹೋರಾಡಿ ಸೋತು ಹಿಂದಿರುಗಿದ ಭಾರತೀಯ ಸೇನೆಯಲ್ಲಿ ಬೆಂಗಳೂರು ಬ್ರಿಗೇಡ್ ಎಂಬ ಹೆಸರಿನ ಪಡೆಯೂ ಇದ್ದಿತು. ಮೂರು ವರ್ಷಗಳಾದರೂ ಅಲ್ಲಿ ಕಾದಾಟ ನಿಂತಿರಲಿಲ್ಲ. 39 ವರ್ಷದ ಉಪಾಧ್ಯಾಯ ಚಾರ್ಲ್ಸ್ 1917ರ ಅಕ್ಟೋಬರ್ 20ರಂದು ಗುಂಡೇಟಿನಿಂದ ಸತ್ತನು.

ಅದೇ ವರ್ಷದ ಕೊನೆಗೆ ಲೆನರ್ಡನ ಸರದಿ. ಕಾಂಬ್ರೆ ಕದನದಲ್ಲಿ, ಬೂರ್ಲೋನ್ ಕಾಡಿನ ಬಳಿ ವಿಷಾನಿಲವನ್ನೂ ಗಾಯವನ್ನೂ ಉಂಡು ಆತನು ರೂಆನ್ ನಗರದ ಸೇನಾ ಆಸ್ಪತ್ರೆಯನ್ನು ಸೇರಿದನು. ಗಾಯಕ್ಕೆ ಧನುರ್ವಾಯು ಹತ್ತಿತು. ತಾಯಿಗೆ ಆತನು ಬರೆದ ಕೊನೆಯ ಕಾಗದದಲ್ಲಿ ಒಂದೆರಡು ಸಾಲು ಮಾತ್ರ: ಇನ್ನೂ ಹೆಚ್ಚೇನೂ ಮಾಡುವ ಮನಸ್ಸಾಗುತ್ತಿಲ್ಲವೆಂಬುದು, ಅಮ್ಮನಿಗೆ ತನ್ನ ಪ್ರೀತಿಯೆಂಬುದು. ಡಿಸೆಂಬರ್ 29ರಂದು ಆತನೂ ಹೋದನು. ಒಂಬತ್ತು ತಿಂಗಳೊಳಗೆ ಒಂದೇ ಮನೆಯಿಂದ ಮೂವರು!

ಉಳಿದ ಮೂವರಲ್ಲಿ ಕ್ರಿಸ್ಟೋಫರ್ ಗ್ಯಾಲಿಪೊಲಿಯಲ್ಲಿ ಗಾಯಾಳುಗಳನ್ನು ಹೊರುವ ಕೆಲಸದಲ್ಲಿದ್ದು, ತಾನೇ ಪೆಟ್ಟು ತಿಂದು, ಸೇನೆಯಿಂದ ಬಿಡುಗಡೆ ಹೊಂದಿದನು. ಎರಿಕ್ ಸೇನೆಯ ದಂತವೈದ್ಯನಾಗಿ ಮಾಲ್ಟಾ, ಸಲೋನಿಕಾಗಳಲ್ಲಿ ದುಡಿದನು. ಸ್ಯಾಮ್ಯುಯೆಲ್ ರಣರಂಗ ಸೇರಿದ್ದು ಯುದ್ಧ ಮುಗಿಯುವ ಕೆಲವೇ ವಾರಗಳ ಮುನ್ನ. ಈ ಮೂವರು ಬದುಕಿಕೊಂಡರು.

1918ರ ಏಪ್ರಿಲಿನಲ್ಲಿ ದೊರೆ ಐದನೆಯ ಜಾರ್ಜ್ ಮತ್ತು ರಾಣಿ ಮೇರಿ ಲಿಂಕನ್ ನಗರಕ್ಕೆ ಭೇಟಿಯಿತ್ತರು. ಐವರು ಮಕ್ಕಳನ್ನು ಕಳೆದುಕೊಂಡ ತಾಯಿಯನ್ನು ಅವರ ಮುಂದೆ ಕರೆತಂದರು. ಆಕೆಯ ಮಹಾತ್ಯಾಗಕ್ಕಾಗಿ ರಾಣಿ ಕೃತಜ್ಞತೆ ಸೂಚಿಸಿದರು. ಇಂತಹ ಸಂದರ್ಭದಲ್ಲಿ ತಲೆಬಾಗಿ, ಎರಡು ವಿನಯದ ಮಾತನಾಡಿ ಹಿಂದೆ ಸರಿಯುವುದು ಲೋಕರೂಢಿ. ಏಮಿ ಬೀಚೆಯವರು ಹಾಗೆ ಮಾಡಲಿಲ್ಲ. ಅದು ತ್ಯಾಗವಲ್ಲವೆಂದೂ, ಮಕ್ಕಳನ್ನು ತಾವು ಮನಸಾರೆ ಕೊಟ್ಟಿರಲಿಲ್ಲವೆಂದೂ ಮರ್ಯಾದೆಯಿಂದಲೇ ರಾಣಿಗೆ ತಿಳಿಸಿದರು.

ಆ ಉತ್ತರದಲ್ಲಿ ಕೋಪವಿದ್ದಿತೆ? ರಾಜದ್ರೋಹವಿದ್ದಿತೆ? ಎರಡೂ ಇರಲಿಲ್ಲ, ಇದ್ದುದು ಸತ್ಯ. ತ್ಯಾಗವೆನ್ನಬೇಕಾದರೆ ಕೊಡುವ ಕೈಯೊಂದಿರಬೇಕು, ಕೊಡುವ ಮನಸ್ಸೊಂದಿರಬೇಕು. ಮಕ್ಕಳು ಕರ್ತವ್ಯವೆಂದು ಹೋದರು. ಆಕೆ ತಡೆಯಲಾರದೆ ಹೋದರು. ಯುದ್ಧ ಅವರನ್ನು ಕಸಿದುಕೊಂಡಿತು. ಕಸಿದುಕೊಂಡುದನ್ನು ದಾನವೆಂದು ಹೊಗಳಿದರೆ ತಾಯಿಯ ಕರುಳು ಒಪ್ಪೀತೆ? ಯುದ್ಧದಲ್ಲಿ ಬಿದ್ದವರಿಗೆ ವೀರಗಲ್ಲು ನಿಲ್ಲಿಸಿ ಗೌರವಿಸಿದ ನಾಡು ನಮ್ಮದು. ಆ ಕಲ್ಲುಗಳಲ್ಲಿ ವೀರನಿದ್ದಾನೆ, ಅವನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರಿದ್ದಾರೆ. ಮನೆಯಲ್ಲಿ ಉಳಿದ ತಾಯಿಗೆ ಅಲ್ಲಿಯೂ ಎಡೆ ಸಿಕ್ಕಿದ್ದು ಕಡಿಮೆ.

ಯುದ್ಧಕ್ಕೆ ಹೋದವರೆಲ್ಲರೂ ಜೀವಸಹಿತ ಮರಳಿದ ಹಳ್ಳಿಗಳನ್ನು ಇಂಗ್ಲಿಷರು 'ಕೃತಜ್ಞ ಗ್ರಾಮ'ಗಳೆಂದು ಕರೆಯುತ್ತಾರೆ. 1930ರ ದಶಕದಲ್ಲಿ ಆರ್ಥರ್ ಮೀ ಎಂಬ ಲೇಖಕರು ಬಳಕೆಗೆ ತಂದ ಹೆಸರದು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸಾವಿರಾರು ಹಳ್ಳಿಗಳಲ್ಲಿ ಅಂತಹವು ಐವತ್ತನ್ನು ಸ್ವಲ್ಪ ಮೀರಿದಷ್ಟು ಮಾತ್ರ. ಮಿಕ್ಕೆಲ್ಲ ಊರುಗಳಲ್ಲಿಯೂ ಸತ್ತವರ ಹೆಸರುಗಳನ್ನು ಕೊರೆದ ಕಲ್ಲೊಂದು ನಿಂತಿದೆ.

ಏಮಿಯವರು 1936ರಲ್ಲಿ ಲಿಂಕನ್ನಿನಲ್ಲಿ ತೀರಿಕೊಂಡರು. ಮಕ್ಕಳು ಬರೆದ ನೂರಾರು ಕಾಗದಗಳನ್ನು ಅವರು ಒಂದನ್ನೂ ಬಿಸುಡದೆ ಜೋಪಾನ ಮಾಡಿದ್ದರು. ತಲೆಮಾರುಗಳು ಕಳೆದ ಮೇಲೆ ಅವು ಹೊರಬಂದವು. ಅವುಗಳ ಆಧಾರದ ಮೇಲೆ 2006ರಲ್ಲಿ ಮೈಕೇಲ್ ವಾಲ್ಷ್ ಎಂಬುವರು ಒಂದು ಗ್ರಂಥವನ್ನೇ ಪ್ರಕಟಿಸಿದರು. ದೊರೆಯ ಕೃತಜ್ಞತೆ ಆ ದಿನಕ್ಕೆ ಮುಗಿಯಿತು. ತಾಯಿ ಕಾಪಾಡಿದ ಕಾಗದಗಳಿಂದ ಆ ಐವರು ಹುಡುಗರ ದನಿ ಇಂದಿಗೂ ಕೇಳಿಸುತ್ತಿದೆ.