ಬೈಕಿನ ಚೈನು ಕರಕರ ಎಂದರೆ

ಪ್ರಶ್ನೆ: ಸಿದ್ದರಬೆಟ್ಟದ ಹತ್ತಿರದ ಹಳ್ಳಿಯಿಂದ ದಿನವೂ ಮಧುಗಿರಿಗೆ ಬೈಕಿನಲ್ಲಿ ಹೋಗಿಬರುತ್ತೇನೆ. ಚೈನು ಬೇಗ ಸಡಿಲವಾಗಿ ಕರಕರ ಎನ್ನುತ್ತದೆ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ. ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ. ಕೊರಟಗೆರೆಯಿಂದ ಪಾವಗಡದವರೆಗೆ ನಿಮ್ಮದು ಬಂಡೆಗಳ ಬಯಲುಸೀಮೆ. ಬಂಡೆ ಸವೆದು ಉದುರಿದ ಮರಳಿನ ಕಣ ಬಹಳ ಗಟ್ಟಿ. ಅದು ಹಳೆಯ ಎಣ್ಣೆಯ ಜಿಡ್ಡಿಗೆ ಅಂಟಿ, ಚೈನಿನ ಪಿನ್ನುಗಳ ನಡುವೆ ಸೇರಿ ಉಕ್ಕನ್ನು ತೇಯುತ್ತದೆ. ಪ್ರತಿ ಪಿನ್ನೂ ಒಂದಿಷ್ಟೇ ಸವೆದರೂ ಎಲ್ಲ ಕೊಂಡಿಗಳ ಸವೆತ ಕೂಡಿ ಚೈನೇ ಉದ್ದವಾಗುತ್ತದೆ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಬೈಕುಗಳ ಚೈನು ಪೂರ್ತಿ ತಗಡಿನ ಕವಚದೊಳಗಿರುತ್ತಿತ್ತು. ನಮ್ಮ ರಸ್ತೆಗಳಿಗೆ ಅದೇ ಸರಿ ಎಂದು ನನಗೆ ಇಂದಿಗೂ ಅನಿಸುತ್ತದೆ.

ಮೊದಲು ಚೈನು ಶುಚಿಮಾಡಲು ಡಬಲ್ ಸ್ಟ್ಯಾಂಡ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೀಲಿ ತೆಗೆದುಬಿಡಿ. ಎಂಜಿನ್ ಓಡಿಸಿಕೊಂಡು ಚೈನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ದಯವಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಜಿಡ್ಡು ತೆಗೆದು, ಬಟ್ಟೆಯಿಂದ ಒರೆಸಿ. ಪೆಟ್ರೋಲ್ ಬೇಡ. ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಅನ್ನು ಚೈನಿನ ಒಳಮಗ್ಗುಲಿಗೆ ಹನಿಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡಿ. ಇಲ್ಲದಿದ್ದರೆ ಮತ್ತೆ ಧೂಳು ಕೂರುತ್ತದೆ.

ಕೆಳಭಾಗದ ಚೈನು ನಡುವೆ ಎಷ್ಟು ಆಡಬೇಕೆಂಬುದು ಬೈಕಿನ ಪುಸ್ತಕದಲ್ಲಿರುತ್ತದೆ. ಸಾಮಾನ್ಯ ಬೈಕುಗಳಲ್ಲಿ 20–30 ಮಿಲಿಮೀಟರ್. ಅದಕ್ಕಿಂತ ಹೆಚ್ಚು ಆಡಿದರೆ ಹಿಂಚಕ್ರದ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರುಗಳನ್ನು ಸಮನಾಗಿ ತಿರುಗಿಸಿ, ನಟ್ ಬಿಗಿಮಾಡಿ ಬ್ರೇಕ್ ಪರೀಕ್ಷಿಸಿ. ಚೈನು ಕೂರುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲು ಚೂಪಾಗಿದ್ದರೆ ಮಾತ್ರ ಮೆಕ್ಯಾನಿಕ್ ಬಳಿ ಹೋಗಿ, ಚೈನು ಸಮೇತ ಸೆಟ್ ಬದಲಿಸಿ.